ಅಳಬಾರದ ದೃಶ್ಯ

"ಮಗ ಹೋದ ಸುದ್ದಿ ಈಗಷ್ಟೇ ಬಂದಿದೆ ಬೆಳ್ಳಮ್ಮ. ಆದ್ರೂ ನೀವು ಅಳಬಾರ್ದು. ನಾನು ಕಟ್ ಅನ್ನೋವರೆಗೂ ಕಾಯಿ ಆರಿಸ್ತಾನೇ ಇರ್ಬೇಕು," ಎಂದಳು ನಿರ್ದೇಶಕಿ ಸುಪ್ರಿಯಾ.

"ಹಾಡೂ ಬೇಡ, ಅಳೂ ಬೇಡ. ಇದ್ಯಾವ ಸಿನಿಮಾ ಮಾರಾಯ್ರೆ!" ಎಂದು ಬೆಳ್ಳಮ್ಮ ನಕ್ಕಳು. ಕ್ಯಾಮೆರಾದ ಹಿಂದಿದ್ದ ಶಶಿಕಿರಣನೂ ನಕ್ಕ.

ಕ್ಯಾಮೆರಾ ಓಡತೊಡಗಿತು. ಟಾರ್ಪಾಲಿನ ಮೇಲೆ ಸುರಿದ ಕಾಫಿ ಹಣ್ಣಿನ ರಾಶಿಯಿಂದ ಬೆಳ್ಳಮ್ಮನ ಬೆರಳುಗಳು ಹಸಿರು ಕಾಯಿಗಳನ್ನು ಹೆಕ್ಕಿ ಪಕ್ಕಕ್ಕೆ ಹಾಕುತ್ತಿದ್ದವು. ಮಾತಿಲ್ಲ, ಸಂಗೀತವಿಲ್ಲ, ಸುಪ್ರಿಯಾ ಬಯಸಿದ್ದು ಇಷ್ಟನ್ನೇ. ಹೋದ ವರ್ಷ ಇದೇ ತೋಟದಲ್ಲಿ ನೆರಳಿನ ಮರದ ಕೊಂಬೆ ಸವರಲು ಹತ್ತಿದ ಬೆಳ್ಳಮ್ಮನ ಮಗ ಬಿದ್ದು ಸತ್ತಿದ್ದ. ಅದು ಗೊತ್ತಿದ್ದೇ ಸುಪ್ರಿಯಾ ನಟಿಯರನ್ನೆಲ್ಲ ಬಿಟ್ಟು, ತೋಟದ ಆಳಾದ ಇವಳನ್ನು ಪುಸಲಾಯಿಸಿ ಒಪ್ಪಿಸಿದ್ದಳು. ಅಂದಿನಿಂದ ಇವಳ ಮುಖವನ್ನು ನೇರವಾಗಿ ನೋಡಲು ಅವಳಿಗೆ ಆಗುತ್ತಿರಲಿಲ್ಲ. ಈಗಲೂ ಮಾನಿಟರಿನಲ್ಲೇ ನೋಡುತ್ತಿದ್ದಳು.

ಬೆರಳುಗಳು ನಿಧಾನವಾದವು. ಕೆಂಪು ಹಣ್ಣೊಂದು ತಪ್ಪಿ ಕಾಯಿಗಳ ಗುಡ್ಡೆಗೆ ಬಿತ್ತು. ತಲೆ ಎತ್ತದೆಯೇ ಬೆಳ್ಳಮ್ಮ ಕೇಳಿದಳು: "ಮೇಡಂ, ಇನ್ನು ಅಳ್ಬಹುದಾ?"

ಶಶಿಕಿರಣ್ ಕ್ಯಾಮೆರಾದಿಂದ ಕಣ್ಣು ತೆಗೆದು ಸುಪ್ರಿಯಾಳತ್ತ ತಿರುಗಿದ. ಕಟ್ ಅನ್ನಲೆಂದೇ ಅವಳು ಬಾಯಿ ತೆರೆದಳು. ಆದರೆ ಇಷ್ಟು ದಿನ ಅವಳು ಹುಡುಕುತ್ತಿದ್ದ ಮುಖ ಆ ಪುಟ್ಟ ಪರದೆಯ ಮೇಲೆ, ಅಳುವನ್ನು ಕಚ್ಚಿ ಹಿಡಿದು, ಅಪ್ಪಣೆಗಾಗಿ ಕಾಯುತ್ತಿತ್ತು.

"ಇನ್ನೊಂಚೂರು ತಡ್ಕೊಳ್ಳಿ, ಬೆಳ್ಳಮ್ಮ," ಎಂದಳು, ಪರದೆಯಿಂದ ಕಣ್ಣು ಕೀಳದೆ.

ಬೆಳ್ಳಮ್ಮ ಆಗಲಿ ಎಂಬಂತೆ ತಲೆಯಾಡಿಸಿ ಮತ್ತೊಂದು ಕಾಯಿ ಹೆಕ್ಕಿದಳು.