ಎಳನೀರು ತಂದ ಮೈದುನ

ಬಾಗಿಲಲ್ಲಿ ನಿಂತವನು ಮೈದುನ ಗುರುಶಾಂತನೆಂದು ತಿಳಿದು ನೀಲಗಂಗಮ್ಮನಿಗೆ ಮೊದಲು ಸಂತೋಷವಾಯಿತು. ಅವನ ಕೈಯಲ್ಲಿದ್ದ ಎಳನೀರು ಕಂಡದ್ದೇ ಆ ಸಂತೋಷ ಹೆದರಿಕೆಗೆ ತಿರುಗಿತು.

ಗಂಡ ಕರಿಸಿದ್ದಪ್ಪ ದಾವಣಗೆರೆಯ ಆಸ್ಪತ್ರೆಯಿಂದ ಕೊಟ್ಟೂರಿಗೆ ಮರಳಿದಾಗಿನಿಂದ ಅವಳು ಕೂತಲ್ಲಿ ಕೂತಿರಲಿಲ್ಲ. ಹೃದಯ ಸೋತಿದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿದೆ, ಇನ್ನೂ ಏರಿದರೆ ಹೃದಯ ಹೇಳದೆ ಕೇಳದೆ ನಿಂತೀತು. ಬಾಳೆಹಣ್ಣು, ಎಳನೀರು ಹತ್ತಿರ ಸುಳಿಯಕೂಡದು ಎಂದಿದ್ದರು ಡಾಕ್ಟರು. ಆದರೆ ನಮ್ಮ ಜನ ರೋಗಿಯನ್ನು ನೋಡಲು ಬರಿಗೈಯಲ್ಲಿ ಬಂದಾರೆಯೇ? ಬಂದ ಎಳನೀರನ್ನೆಲ್ಲ ಬಾಗಿಲಲ್ಲೇ ಇಸಿದುಕೊಂಡು ಓಣಿಯವರಿಗೆ ಹಂಚಿದ್ದಳು. "ದೇವರು ಕೊಟ್ರೂ ಪೂಜಾರಿ ಕೊಡವಲ್ಲ" ಎಂದು ಪಕ್ಕದ ಮನೆಯ ಅಂಜಿನಕ್ಕ ಆಡಿಕೊಂಡದ್ದೂ ಆಗಿತ್ತು.

ಇದು ಮಾತ್ರ ಬೇರೆ. ಅಣ್ಣತಮ್ಮಂದಿರ ಹೊಲ ಪಾಲಾದಾಗ ಅವರಪ್ಪ ನೆಟ್ಟ ತೆಂಗು ತಮ್ಮ ಗುರುಶಾಂತನ ಕಡೆ ಹೋಯಿತು. "ಆ ಗಿಡದ ಹನಿ ನೀರು ಮುಟ್ಟಿದ್ರ ನಾನು ನಮ್ಮಪ್ಪಗ ಹುಟ್ಟಿದವನಲ್ಲ" ಎಂದು ಕರಿಸಿದ್ದಪ್ಪ ಆಣೆ ಹಾಕಿದ್ದ. ಅಂದಿನಿಂದ ಅಣ್ಣತಮ್ಮಂದಿರಲ್ಲಿ ಮಾತಿಲ್ಲ ಕತೆಯಿಲ್ಲ. ಈಗ ಬೇಡವೆಂದರೆ ಆ ಆಣೆಯನ್ನೇ ಇನ್ನೊಮ್ಮೆ ಆಡಿದಂತೆ. ಅವಳು ಬಾಗಿಲು ಬಿಟ್ಟು ಸರಿದು ನಿಂತಳು.

ಅಷ್ಟರಲ್ಲಿ ಗುರುಶಾಂತ ಕಟ್ಟೆಯ ಮೇಲೆ ಒಂದನ್ನು ಕೊಚ್ಚಿ, ಒಳಗೆ ಬಂದು ಅಣ್ಣನ ಕೈಗಿಟ್ಟ.

"ನಮ್ಮ ಗಿಡದ್ದು. ಕುಡಿಯಣ್ಣ."

ಕರಿಸಿದ್ದಪ್ಪ ಹೆಂಡತಿಯತ್ತ ನೋಡಲಿಲ್ಲ. ಎಳನೀರನ್ನು ತುಟಿಗೆ ಎತ್ತಿದ.

ನೀಲಗಂಗಮ್ಮ ಅದನ್ನು ಕಸಿದುಕೊಂಡಳು. ಮೈದುನನ ಮುಂದೆ ಎಂದೂ ಸೆರಗು ಜಾರಗೊಡದ ಹೆಂಗಸು ನಿಂತಲ್ಲೇ ಗಟಗಟನೆ ಅಷ್ಟನ್ನೂ ಕುಡಿದಳು. ಗಲ್ಲದಿಂದ ಇಳಿದ ನೀರು ಕುಪ್ಪಸವನ್ನೆಲ್ಲ ತೋಯಿಸಿತು.

ಗುರುಶಾಂತನ ಮುಖ ಕಪ್ಪಿಟ್ಟಿತು. "ವಿಷ ಐತೇನಂತ ನೋಡಿದ್ರೇನು ಅತ್ತಿಗೆಮ್ಮ?"

"ಅಮೃತ ಐತಪ್ಪ. ಆದ್ರ ಇವರ ಹಾರ್ಟಿಗೆ ಈಗ ಇದೇ ವಿಷ. ಕುಡಿದ್ರ ನಿಂತುಬಿಡತೈತಂತ ಡಾಕ್ಟ್ರು ಹೇಳ್ಯಾರ. ನೀ ತಂದದ್ದನ್ನ ಚೆಲ್ಲಾಕ ಮನಸು ಬರಲಿಲ್ಲ, ನಾ ಕುಡಿದೆ." ಹೇಳುತ್ತಲೇ ಅವಳಿಗೆ ಅಳು ಬಂತು.

ಗುರುಶಾಂತ ಅಣ್ಣನತ್ತ ತಿರುಗಿದ. "ಗೊತ್ತಿದ್ದೂ ಬಾಯಿಗೆ ಹಚ್ಚಿದ್ದೇನಣ್ಣ?"

ಕರಿಸಿದ್ದಪ್ಪ ಬರಿದಾದ ಬುರುಡೆಯನ್ನು ಹೆಂಡತಿಯ ಕೈಯಿಂದ ತೆಗೆದುಕೊಂಡು, ಮೂಗಿಗೆ ಹಿಡಿದು ಮೂಸಿದ.

ಆಮೇಲೆ ಅವಳನ್ನು ಕೇಳಿದ: "ಅಪ್ಪ ಇದ್ದಾಗ ಇದ್ದಷ್ಟೇ ಸಿಹಿ ಐತೇನು?"