ಮುಟ್ಟಬಾರದ ಎಲೆ

ಶಿವನಂಜಮ್ಮ ಒದ್ದೆ ಬಟ್ಟೆಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಪಕ್ಕದ ಮನೆಯ ತೇಜಸ್ವಿನಿಯ ಗೇಟು ತೆಗೆದಳು. ಮನೆಗೆ ಬೀಗ. ದಟ್ಟಗಳ್ಳಿಯ ಬಡಾವಣೆ ಸಂಘದವರು ಕೈತೋಟ ನೋಡಿ ಬಹುಮಾನ ಕೊಡಲು ಹತ್ತು ಗಂಟೆಗೆ ಬರುತ್ತಾರೆ. ಇನ್ನೂ ಅರ್ಧ ಗಂಟೆ ಇದೆ. ಸಾಕು, ಬೇಕಾದಷ್ಟಾಯಿತು.

ನೆರಳುಪರದೆಯ ಕೆಳಗೆ, ಕುಂಡದ ತುಂಬ ನೀಲಿ ಎಲೆಯ ಹೋಸ್ಟಾ, ಬಿಸಿಲು ತಾಳದ ಚಳಿಸೀಮೆಯ ಗಿಡ. ನೋಡಿದ್ದೇ ತಡ, ಅವಳ ಹೊಟ್ಟೆ ಧಗಧಗ ಉರಿಯಿತು.

ಅಂಥದ್ದೇ ಗಿಡವನ್ನು ಗಂಡ ಸಿದ್ದರಾಜು ಊಟಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಆ ವರ್ಷವೇ ತೀರಿಕೊಂಡ. ಆಮೇಲೆ ಆ ಗಿಡವನ್ನು ಬಿಸಿಲಿನಿಂದ ಕಾಪಾಡಿದ್ದು ತೇಜಸ್ವಿನಿಯ ಕಾಂಪೌಂಡಿನ ಹೊಂಗೆಮರ. ಎರಡು ವರ್ಷದ ಹಿಂದೆ ಈ ಮಹಾತಾಯಿ ಕಾರು ನಿಲ್ಲಿಸಲು ಜಾಗ ಬೇಕೆಂದು, ಒಂದು ಮಾತೂ ಹೇಳದೆ, ಮರ ಕಡಿಸಿದಳು. ವಾರದಲ್ಲಿ ಎಲೆಗಳೆಲ್ಲ ಸುಟ್ಟು ಹಪ್ಪಳವಾದವು. ಶಿವನಂಜಮ್ಮ ಅಳುತ್ತಲೇ ಗಿಡವನ್ನು ಬುಡಸಮೇತ ಕಿತ್ತು ಬೀದಿಯ ಕಸಕ್ಕೆ ಎಸೆದಳು. ಅವತ್ತಿನಿಂದ ಮಾತಿಲ್ಲ. ಮೊನ್ನೆ ತೇಜಸ್ವಿನಿ ಎರಡು ಸಲ ಬಂದು ಬಾಗಿಲು ತಟ್ಟಿದ್ದಳು. ಹೊಟ್ಟೆ ಉರಿಸಲು ಬಂದವಳಿಗೆ ಬಾಗಿಲು ಬೇರೆ ತೆಗೆಯಬೇಕೇ?

ಕುಂಡಕ್ಕೆ ಅರಿಶಿನ ಕುಂಕುಮ ಹಚ್ಚಿತ್ತು. ಪಕ್ಕದ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು. ಇವತ್ತು ಆಯುಧಪೂಜೆ, ಬೀದಿಯ ಕಾರು, ಸ್ಕೂಟರು, ಇಸ್ತ್ರಿಪೆಟ್ಟಿಗೆಗೂ ಕುಂಕುಮವೇ. ಬಹುಮಾನ ಬರಲೆಂದು ಗಿಡಕ್ಕೂ ಪೂಜೆ ಮಾಡಿದ್ದಾಳಲ್ಲ, ಏನು ಜಂಬ!

“ಎಲೆ ಮುಟ್ಬ್ಯಾಡ ಕಣಮ್ಮಿ,” ಅನ್ನುತ್ತಿದ್ದ ಸಿದ್ದರಾಜು. “ಆ ನೀಲಿ ಅನ್ನೋದು ಮೇಲಿನ ಬೂದಿ ಅಷ್ಟೇ. ಒರೆಸ್ಬುಟ್ರೆ ಬರೀ ಹಸಿರು.”

ಒರೆಸಿದಳು. ಒಂದೊಂದೇ ಎಲೆ, ಕೆಳಗೆ ಅಂಗೈ ಕೊಟ್ಟು, ನಿಧಾನವಾಗಿ. ನೀಲಿ ಹೋಗಿ ಬಸಳೆಸೊಪ್ಪಿನ ಹಸಿರು ಬಂತು. ಈ ವರ್ಷ ಆ ಎಲೆಗಳಿಗೆ ಮತ್ತೆ ಆ ಬಣ್ಣ ಬರುವುದಿಲ್ಲ. ಶಿವನಂಜಮ್ಮನ ಹೊಟ್ಟೆ ತಣ್ಣಗಾಯಿತು.

ಕೊನೆಯ ಎಲೆ ಮುಗಿಯುವಷ್ಟರಲ್ಲಿ ಗೇಟು ಕಿರ್ರೆಂದಿತು. ತೇಜಸ್ವಿನಿ ಹೊಸ ರವಿಕೆ ಕಣ ಹಿಡಿದು ನಿಂತಿದ್ದಳು. ಗಿಡದ ಕಡೆ ಇನ್ನೂ ನೋಡಿರಲಿಲ್ಲ. ಇವಳನ್ನು ಕಂಡದ್ದೇ ಅವಳ ಮುಖ ಅರಳಿತು.

“ಅಂತೂ ಬಂದ್ರಲ್ಲ ಆಂಟಿ. ತಾಂಬೂಲಕ್ಕೆ ಇದೊಂದು ಕಮ್ಮಿ ಇತ್ತು, ತರೋಕೆ ಹೋಗಿದ್ದೆ. ಮರ ಕಡಿಸಿದ್ದು ನನ್ನ ತಪ್ಪೇ. ಸ್ಪರ್ಧೆಗೂ ನಿಮ್ಮ ಹೆಸರೇ ಬರೆಸಿದೀನಿ.”

ಅವಳು ರವಿಕೆ ಕಣವನ್ನು ತಟ್ಟೆಯಲ್ಲಿಟ್ಟು, ಕುಂಡ ಎತ್ತಿಕೊಡಲು ಬಗ್ಗಿದಳು.

“ಅವತ್ತು ನೀವು ಕಸಕ್ಕೆ ಎಸೆದಿದ್ದನ್ನ ಎತ್ಕೊಂಡು ಬಂದು ನೆಟ್ಟಿದ್ದೆ. ಇದು ಅಂಕಲ್ ತಂದ ಗಿಡಾನೇ, ಆಂಟಿ.”