ಎದುರುಮನೆಯ ಸಾಕ್ಷಿ

"ಮಗಳಿಗೆ ಈ ಕಾಯಿಲೆ ಯಾವಾಗ ಶುರುವಾಯ್ತು, ಮೇಡಂ?"

ವಿಮಾ ಕಂಪನಿಯಿಂದ ವಿಚಾರಣೆಗೆ ಬಂದಿದ್ದ ಪಂಚಾಕ್ಷರಿ ಅದೇ ಪ್ರಶ್ನೆಯನ್ನು ಮೂರನೆಯ ಸಲ ಕೇಳಿದ. ದನಿಯಲ್ಲಿ ಗಡಸಿರಲಿಲ್ಲ. ಶುಭಾಳಿಗೆ ಹೆಚ್ಚು ಭಯವಾದದ್ದು ಅದಕ್ಕೇ.

"ಮೇ ತಿಂಗಳಲ್ಲಿ. ಹೇಳಿದ್ನಲ್ಲಾ ಸಾರ್."

"ಪಾಲಿಸಿ ಮಾಡಿಸಿದ್ದು ಮಾರ್ಚ್ ಒಂದಕ್ಕೆ. ಅದಕ್ಕಿಂತ ಮುಂಚೆ ಏನಾದ್ರೂ? ಊಟ ಬಿಡೋದು, ಒಬ್ಬಳೇ ಕೂತ್ಕೊಳ್ಳೋದು?"

"ಏನೂ ಇರ್ಲಿಲ್ಲ. ಹೆತ್ತವಳಿಗೆ ಗೊತ್ತಾಗಲ್ವಾ?"

ಅವನು ಆ ಮಾತನ್ನು ಹಾಗೆಯೇ ಬರೆದುಕೊಂಡ.

ಕಂಪನಿಯ ಪತ್ರ ಮೇಜಿನ ಮೇಲಿತ್ತು. ಮನಸ್ಸಿನ ಕಾಯಿಲೆಗೂ ವಿಮೆ ಉಂಟು. ಆದರೆ ಪಾಲಿಸಿಗೆ ಮೊದಲೇ ಕಾಯಿಲೆ ಇದ್ದದ್ದು ತಿಳಿದುಬಂದರೆ ಏನೂ ಸಿಗುವುದಿಲ್ಲ. ಜೂನ್‌ನಲ್ಲಿ ಮೇಧಾ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಕೂಡಿಟ್ಟದ್ದೆಲ್ಲ ಅಲ್ಲಿಗೇ ಹೋಯಿತು. ಇನ್ನೊಂದು ವರ್ಷ ವಾರವಾರವೂ ಚಿಕಿತ್ಸೆ ತಪ್ಪಬಾರದು, ತಪ್ಪಿದರೆ ಮತ್ತೆ ಹಳೆಯ ಸ್ಥಿತಿಗೇ ಜಾರಬಹುದು ಎಂದಿದ್ದರು ಡಾಕ್ಟರು. ವಿಮೆ ಬಂದರೆ ಚಿಕಿತ್ಸೆ, ಇಲ್ಲದಿದ್ದರೆ ಇಲ್ಲ. ಹದಿನೈದರ ಮಗಳು ಒಳಕೋಣೆಯಲ್ಲಿ ಮಲಗಿದ್ದಳು. ಆ ಬಾಗಿಲಿಗೆ ಈಗ ಚಿಲಕವಿಲ್ಲ, ಶುಭಾಳೇ ಬಿಚ್ಚಿಸಿದ್ದಳು.

ಪಂಚಾಕ್ಷರಿ ಎದ್ದ. "ಅಕ್ಕಪಕ್ಕದವರನ್ನ ಒಂದು ಮಾತು ಕೇಳಿ ಬರ್ತೀನಿ. ನಮ್ಮಲ್ಲಿ ಹಂಗೇ ರೂಲು."

ಶುಭಾ ಬಾಗಿಲವರೆಗೂ ಅವನ ಹಿಂದೆಯೇ ಬಂದಳು. ಆರ್‌ಪಿಸಿ ಲೇಔಟಿನ ಆ ಬೀದಿಗೆಲ್ಲ ಅವಳು ಹೇಳಿದ್ದು ಒಂದೇ ಮಾತು: ಡೆಂಗ್ಯೂ. ನಿಜ ಹೇಳಿದರೆ ಹುಡುಗಿಗೆ ಹುಚ್ಚಿ ಎಂಬ ಹೆಸರು ಅಂಟಿಕೊಂಡೀತು. ಈಗ ಅವರೂ ಡೆಂಗ್ಯೂ ಎಂದರೆ? ಆಸ್ಪತ್ರೆಯ ಕಾಗದ ಒಂದು, ನೆರೆಯವರ ಮಾತು ಇನ್ನೊಂದು. ಸುಳ್ಳು ಕ್ಲೇಮು ಎಂದು ಷರಾ ಬರೆಯಲು ಮತ್ತೇನು ಬೇಕು?

ಈ ಬೀದಿಯವರಾದರೂ ಸುಮ್ಮನಿರುವ ಪೈಕಿಯೇ? ಎದುರುಮನೆಯ ಪುಟ್ಟಲಕ್ಷ್ಮಿ ಅಜ್ಜಿಯದೇ ಒಂದು ಕಾಟ. ಸಂಕ್ರಾಂತಿಯ ಹೊತ್ತಿನಿಂದ, ಟಿವಿ ಕೆಟ್ಟಿದೆ ಎಂದು, ಮೇಧಾ ಸ್ಕೂಲಿನಿಂದ ಬರುವ ವೇಳೆಗೆ ಸರಿಯಾಗಿ ಬಂದು ಕೂರುತ್ತಿದ್ದಳು. ಶುಭಾ ಕೆಲಸ ಮುಗಿಸಿ ಕೆಂಗೇರಿಯಿಂದ ಬರುವವರೆಗೂ ಏಳುತ್ತಿರಲಿಲ್ಲ. ಇಸ್ತ್ರಿ ಗಾಡಿಯ ಯಲ್ಲಪ್ಪ, ಬಟ್ಟೆ ಇರಲಿ ಇಲ್ಲದಿರಲಿ, ಗೇಟಿನ ಹತ್ತಿರ ನಿಂತು "ಮೇಧವ್ವಾ" ಎಂದು ಕೂಗುತ್ತಿದ್ದ. ಮೇಲ್ಮನೆಯ ಓನರ್ ದೇವೇಂದ್ರಪ್ಪ, ಟ್ಯಾಂಕು ಸೋರುತ್ತದೆ ಎಂದು ಟೆರೇಸಿಗೆ ಬೀಗ ಜಡಿದು, ಬಟ್ಟೆ ಒಣಗಿಸಲೂ ತನ್ನ ಬಳಿ ಕೀ ಕೇಳುವಂತೆ ಮಾಡಿದ್ದ. ಮನೆ ಬದಲಾಯಿಸಲು ಶುಭಾ ಎರಡು ಸಲ ಯೋಚಿಸಿದ್ದಳು.

ಅವರು ಬಾಯಿ ಹಾಕದ್ದು ಒಂದೇ ವಿಷಯಕ್ಕೆ. ಆಸ್ಪತ್ರೆಯಿಂದ ಬಂದ ದಿನ ಪ್ಲೇಟ್ಲೆಟ್ ಎಷ್ಟಿದೆ ಎಂದು ಯಾರೂ ಕೇಳಲಿಲ್ಲ. ಸದ್ಯ ಬಚಾವಾದೆ ಎಂದುಕೊಂಡಿದ್ದಳು.

ಕಿಟಕಿಯ ಪರದೆ ಸರಿಸಿದಳು. ಪಂಚಾಕ್ಷರಿ ಎದುರುಮನೆಯ ಗೇಟಿನಲ್ಲಿ ನಿಂತಿದ್ದ. ಅಜ್ಜಿ ಕೈಯಾಡಿಸುತ್ತ ಏನೋ ಹೇಳುತ್ತಿದ್ದಳು. ಯಲ್ಲಪ್ಪ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಬಂದು ಸೇರಿಕೊಂಡ. ಅವನ ಬೆರಳು ಶುಭಾಳ ಮನೆಯ ಟೆರೇಸಿನತ್ತ ಚಾಚಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಶುಭಾ ತಡೆಯಲಾರದೆ ಬೀದಿಗಿಳಿದಳು. "ಸಾರ್, ಇವರಿಗೆ ಸರಿಯಾಗಿ ಗೊತ್ತಿಲ್ಲ..."

"ಇರ್ರೀ ಅಕ್ಕಾರ, ನಾವ್ ಅದೀವಲ್ಲ," ಎಂದ ಯಲ್ಲಪ್ಪ.

ಅಜ್ಜಿ ಬಾಗಿಲಲ್ಲಿ ಕಾಣಿಸಿಕೊಂಡಳು. "ನೀನು ಮನೆಗೆ ಹೋಗೇ, ಮಗು ಒಂದೇ ಇದೆ. ನಾನು ಮಾತಾಡ್ತಾ ಇದೀನಲ್ಲಾ!"

ಇಪ್ಪತ್ತು ನಿಮಿಷ ಕಳೆದು ಪಂಚಾಕ್ಷರಿ ಮರಳಿದ. ನೀರು ಕೇಳಿ ಕುಡಿದ.

"ಡೆಂಗ್ಯೂ ಅಂದ್ರಾ ಸಾರ್?" ಮಾತು ಜಾರಿಬಿಟ್ಟಿತು.

"ಯಾರೂ ಹಾಗನ್ನಲಿಲ್ಲ ಮೇಡಂ. ನಿಜ ಏನೂಂತ ಅವರಿಗೆಲ್ಲ ಗೊತ್ತು. ನೀವು ಡೆಂಗ್ಯೂ ಅಂದ್ರಿ, ಅವರೂ ಹೂಂ ಅಂದ್ರಂತೆ."

ಶುಭಾ ಕುರ್ಚಿಯ ತೋಳು ಹಿಡಿದುಕೊಂಡಳು.

"ನಿಮ್ಮ ಮಗಳು ಒಂದಿನ ಟೆರೇಸಿನ ಅಂಚಲ್ಲಿ ನಿಂತಿದ್ದನ್ನ ಯಲ್ಲಪ್ಪ ನೋಡಿದ್ರಂತೆ. ಅಜ್ಜಿ ಮೇಲೆ ಹೋಗಿ, ಮಾತಾಡಿಸಿ, ಕೈ ಹಿಡಿದು ಇಳಿಸಿದ್ರು. ಅಮ್ಮಂಗೆ ಹೇಳ್ಬೇಡಿ ಅಂತ ಆ ಮಗು ಅತ್ತುಬಿಡ್ತಂತೆ. ಆವತ್ತಿಂದ ನಿಮ್ಮ ಓನರೂ ಸೇರಿ ಇವರು ಮೂರು ಜನ ಸರದಿ ಹಾಕ್ಕೊಂಡು ಕಾಯ್ತಾ ಇದಾರೆ."

ಶುಭಾಳ ಕಣ್ಣು ತುಂಬಿತು. ಯಾರನ್ನು ಬೈದುಕೊಂಡಿದ್ದಳೋ ಅವರೇ! ಎದೆಯ ಮೇಲಿನ ಬಂಡೆ ಉರುಳಿದಂತಾಯಿತು. ಕಾಯಿಲೆ ನಿಜ ಎನ್ನಲು ಈಗ ಬೀದಿಯೇ ಸಾಕ್ಷಿ. ಇನ್ನು ಯಾರು ಸುಳ್ಳೆಂದಾರು?

"ಕಂಪನಿಯವರು ನಂಬಲಿ ಅಂತ ಅಜ್ಜಿ ಇದನ್ನೂ ಕೊಟ್ರು," ಎಂದು ಅವನು ಒಂದು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟ. ದಿನ, ವೇಳೆ, ಯಾರು ಕಾದರು, ಮಗು ಹೇಗಿತ್ತು, ಎಲ್ಲ ಬರೆದಿತ್ತು. ಪ್ರತಿ ಪುಟದ ಕೆಳಗೆ ಸಹಿ.

"ಇದನ್ನ ನಾನು ಫೈಲಿಗೆ ಹಾಕ್ಲೇಬೇಕು, ಮೇಡಂ."

"ಹಾಕಿ ಸಾರ್, ಖಂಡಿತಾ ಹಾಕಿ!" ಅಳುತ್ತಲೇ ನಕ್ಕಳು ಶುಭಾ.

ಪಂಚಾಕ್ಷರಿ ನಗಲಿಲ್ಲ. ಮೊದಲ ಪುಟ ತೆರೆದು ಅವಳತ್ತ ತಿರುಗಿಸಿ, ತಾರೀಖಿನ ಮೇಲೆ ಬೆರಳಿಟ್ಟ.

ಅಜ್ಜಿಯ ದುಂಡನೆಯ ಅಕ್ಷರ: "ಜನವರಿ ಒಂಬತ್ತು. ಸಂಜೆ ನಾಲ್ಕಕ್ಕೆ ಟೆರೇಸಿನಿಂದ ಇಳಿಸಿಕೊಂಡು ಬಂದೆ. ಪಾಪ, ಎರಡು ಇಡ್ಲಿ ತಿಂದಳು."